ಅಳ್ಳು ಹುರಿಯುವ ಯಂತ್ರ

ಪಂಚಮಿಗೆ ಇನ್ನೂ ತಿಂಗಳೊಪ್ಪತ್ತು ಇರುವಾಗಲೇ ಈ ಸಲ ಮೂವರು ಪರಿಚಿತರು ಬೇರೆ ಬೇರೆ ದಿನ ನನ್ನನ್ನು ಕಂಡು ಒಂದೇ ಪ್ರಶ್ನೆಯನ್ನು ಕೇಳಿದರು. "ಎಣ್ಣಿ ಇಲ್ಲದ ಬರೇ ಬಿಸಿಗಾಳಿ ಮ್ಯಾಲ ಪಾಪ್‌ಕಾರ್ನ್ ಮಾಡೋ ಮಷಿನ್ ಬಂದದಂತಲ್ರಿ ಸರ, ಮನಿಗಿ ಸೋವಿದಾಗ ಯಾವುದು ತಗೋಬೇಕ್ರಿ?" ಕನ್ನಡ ಪಾಠ ಹೇಳುವವನಿಗೂ ವಿದ್ಯುದ್ಯಂತ್ರಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ಶಹಾಪುರ, ಸುರಪುರಗಳಂತಹ ಊರುಗಳಲ್ಲಿ ಕಾಲೇಜಿನ ಅಧ್ಯಾಪಕನೆಂದರೆ ಜಾತಕವೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಬಲ್ಲವನೆಂಬ ನಂಬಿಕೆ ಉಳಿದುಕೊಂಡು ಬಂದಿದೆ. ಆ ನಂಬಿಕೆಯನ್ನು ಕೆಡಿಸುವುದು ವೃತ್ತಿಧರ್ಮಕ್ಕೆ ಒಪ್ಪುವ ಮಾತಲ್ಲವಾದ್ದರಿಂದ, ಬಲ್ಲಷ್ಟನ್ನು ಈ ವಾರ ಇಲ್ಲಿ ಬರೆಯುತ್ತಿದ್ದೇನೆ.

ಮೂವರಿಗೂ ನಾನು ಕೇಳಿದ ಮರುಪ್ರಶ್ನೆ ಒಂದೇ: "ಯಾವ ಕಾಳು ಹಾಕುವವರಿದ್ದೀರಿ?" ಮೂವರೂ ತುಸು ಬೆಪ್ಪಾದರು. ಪಾಪ್‌ಕಾರ್ನ್ ಎಂದ ಮೇಲೆ ಮೆಕ್ಕೆಜೋಳವೇ ಅಲ್ಲವೆ, ಇದೇನು ಪ್ರಶ್ನೆ? ಆದರೆ ಸಗರ ನಾಡಿನಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಏಕೆಂದರೆ ನಮ್ಮವರಿಗೆ ಕಾಳು ಅರಳಿಸುವುದು ಸಿನೆಮಾ ಮಂದಿರ ಕಲಿಸಿದ ವಿದ್ಯೆಯಲ್ಲ. ನಾಗಪ್ಪನಿಗೆ ಹಾಲೆರೆಯುವ ದಿನ ತಂಬಿಟ್ಟು, ಶೇಂಗಾ ಉಂಡಿ, ಕಡ್ಲಿ ಉಸಳಿಗಳ ಜೊತೆಗೆ ತಟ್ಟೆಯಲ್ಲಿ ಬಿಳಿಯ ಅಳ್ಳು ಇರಬೇಕು; ಅದು ಜೋಳದ ಅಳ್ಳು. ಅದನ್ನೇ ಬೀಸಿದರೆ ಅಳ್ಳಿಟ್ಟು. ಅದಕ್ಕೆ ಬೆಲ್ಲ ಬೆರೆಸಿದರೆ ಮಕ್ಕಳು ಜೋಕಾಲಿಯ ಮೇಲಿಂದಲೂ ಇಳಿದು ಬರುತ್ತಾರೆ.

ಇಲ್ಲಿ ಒಂದು ಮಾತು ಮೇಷ್ಟರ ಚಾಳಿಯಿಂದ. ಅಳ್ಳು ಎಂಬುದು ಹಳ್ಳಿಗರ ಒಡಕು ಮಾತೆಂದು ನಗುವವರುಂಟು. ಅದು ಅರಳು ಎಂಬ ಹಳೆಯ ಶಬ್ದವೇ. ಹುರುಳಿ ನಮ್ಮಲ್ಲಿ ಹುಳ್ಳಿಯಾಯಿತು, ಕರುಳು ಕಳ್ಳಾಯಿತು, ಹೊರಳಿ ಎಂಬುದು ಹೊಳ್ಳಿ ಎಂದಾಯಿತು. ಅದೇ ದಾರಿಯಲ್ಲಿ ಅರಳು ಅಳ್ಳಾಗಿದೆ. ಹೂ ಅರಳುವುದಕ್ಕೂ ಕಾಳು ಅರಳುವುದಕ್ಕೂ ಕನ್ನಡವು ಒಂದೇ ಕ್ರಿಯಾಪದವನ್ನು ಇಟ್ಟುಕೊಂಡಿತು. ಇಂಗ್ಲಿಷಿನವನು ಅದರ ಸಪ್ಪಳವನ್ನು ಕೇಳಿ 'ಪಾಪ್' ಎಂದು ಹೆಸರಿಟ್ಟ. ನಮ್ಮವರು ಅದರ ರೂಪವನ್ನು ನೋಡಿ ಹೆಸರಿಟ್ಟರು. ಯಾರು ಹೆಚ್ಚು ರಸಿಕರೆಂಬುದನ್ನು ನಾನು ಹೇಳಬೇಕಾಗಿಲ್ಲ.

ಇರಲಿ. ಯಂತ್ರದ ಮಾತಿಗೆ ಬರುವ ಮುನ್ನ ಕಾಳು ಏಕೆ ಅರಳುತ್ತದೆಂಬುದನ್ನು ತಿಳಿದುಕೊಳ್ಳುವುದು ಲೇಸು. ಪಾಪ್‌ಕಾರ್ನ್ ಕಾಳಿನ ಹೊರಗಿನ ಸಿಪ್ಪೆ ಬಲು ಗಟ್ಟಿ. ಒಳಗೆ ಗಾಜಿನಂತಹ ಬಿರುಸಾದ ಪಿಷ್ಟ, ಆ ಪಿಷ್ಟದಲ್ಲಿ ತೂಕದ ಸುಮಾರು ನೂರಕ್ಕೆ 14ರಷ್ಟು ನೀರು. ಕಾಯಿಸಿದಾಗ ಈ ನೀರು ಹಬೆಯಾಗಲು ಹವಣಿಸುತ್ತದೆ. ಸಿಪ್ಪೆ ಬಿಡುವುದಿಲ್ಲ. ಪ್ರೆಷರ್ ಕುಕ್ಕರಿನೊಳಗಿನಂತೆ ಒತ್ತಡ ಏರುತ್ತ ಹೋಗಿ, ಉಷ್ಣತೆ 180 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಬಂದಾಗ ಸಿಪ್ಪೆ ಸೋತು ಬಿರಿಯುತ್ತದೆ. ಮೆದುವಾಗಿದ್ದ ಪಿಷ್ಟವು ನೊರೆಯಂತೆ ಉಬ್ಬಿ ಆ ಕ್ಷಣವೇ ಗಟ್ಟಿಯಾಗುತ್ತದೆ. ಈ ಉಷ್ಣತೆಯನ್ನು 2015ರಲ್ಲಿ ಇಬ್ಬರು ಫ್ರೆಂಚ್ ಸಂಶೋಧಕರು ವೇಗದ ಕ್ಯಾಮರಾ ಹಿಡಿದು ನಿಷ್ಕರ್ಷೆ ಮಾಡಿದರು. 'ಪಟ್' ಎಂಬ ಸದ್ದು ಸಿಪ್ಪೆ ಒಡೆಯುವ ಸದ್ದಲ್ಲ, ಹಬೆ ಹೊರಬೀಳುವ ಸದ್ದು ಎಂದೂ ಅವರೇ ತೋರಿಸಿದರು. ಒಂದು ಕಾಳು ತನ್ನ ಗಾತ್ರದ ಮೂವತ್ತು ನಲವತ್ತು ಪಟ್ಟು ಹಿಗ್ಗುತ್ತದೆ. ತೂಕ ಮಾತ್ರ ಹೆಚ್ಚುವುದಿಲ್ಲ. ಹಬೆಯಾಗಿ ಹೋದ ನೀರಿನಷ್ಟು ಕಡಿಮೆಯೇ ಆಗುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಯಂತ್ರದ ಗುಟ್ಟೆಲ್ಲ ಅದರಲ್ಲಿಯೇ ಇದೆ.

ಇದರಿಂದ ತಾನಾಗಿ ತಿಳಿಯುವ ಸಂಗತಿಗಳು ಎರಡು. ಒಂದು, ಹೊಲದಲ್ಲಿ ಬೆಳೆದು ಕೋಳಿಗಳ ಆಹಾರಕ್ಕೆ ಹೋಗುವ ದಪ್ಪ ಮೆಕ್ಕೆಜೋಳ ಪಾಪ್‌ಕಾರ್ನ್ ಆಗಲಾರದು. ಅದರ ಸಿಪ್ಪೆ ಹಬೆಯನ್ನು ತಡೆಯದು, ಒಳಗಿನ ಪಿಷ್ಟ ಮೆತ್ತಗಿನದು. ಯಂತ್ರ ಕೊಂಡ ಮೇಲೆ ಮಾವನ ಹೊಲದಿಂದ ಚೀಲ ತರಿಸಿಕೊಳ್ಳೋಣವೆಂಬ ಲೆಕ್ಕ ಹಾಕಿದವರು ಆ ಲೆಕ್ಕವನ್ನು ಅಳಿಸಿಹಾಕಬೇಕು. ಬಿತ್ತನೆಯ ಅಂಗಡಿಯಲ್ಲಿ ದೊರೆಯುವ ಬಣ್ಣ ಹಚ್ಚಿದ ಬೀಜವನ್ನಂತೂ ಮುಟ್ಟಲೇಬಾರದು. ಆ ಬಣ್ಣದ ಜೊತೆಗೆ ಔಷಧಿ ಇರುತ್ತದೆ, ಅದು ವಿಷ. ಎರಡನೆಯದು, ಕಾಳಿನ ನೀರು ಆರಿದರೆ ಅದು ಅರಳದು. ನಮ್ಮ ಬೇಸಿಗೆ ಎಂತಹುದೆಂದು ಬಲ್ಲಿರಿ. ಸಡಿಲ ಪೊಟ್ಟಣದಲ್ಲಿ ಇಟ್ಟ ಕಾಳು ವೈಶಾಖದ ಹೊತ್ತಿಗೆ ಒಣಗಿ ಗೊಡ್ಡಾಗುತ್ತದೆ. ಆಗ ಜನ ಯಂತ್ರವನ್ನು ಬಯ್ಯುತ್ತಾರೆ. ಗಾಳಿಯಾಡದ ಡಬ್ಬಿಯಲ್ಲಿಡಿರಿ. ಒಣಗಿದ್ದೇ ಆದರೆ ಒಂದು ಕಿಲೋ ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಮುಚ್ಚಳ ಬಿಗಿದು, ಮೊದಲ ದಿನ ಆಗಾಗ ಕುಲುಕಿ, ಎರಡು ಮೂರು ದಿನ ಬಿಟ್ಟರೆ ಕಾಳಿಗೆ ಜೀವ ಬರುತ್ತದೆ. ಎರಡು ಸಾವಿರ ರೂಪಾಯಿಯ ಯಂತ್ರಕ್ಕಿಂತ ಈ ಒಂದು ಚಮಚ ನೀರು ಎಷ್ಟೋ ಮನೆಗಳಲ್ಲಿ ಹೆಚ್ಚು ಕೆಲಸ ಮಾಡೀತು.

ಇನ್ನು ಯಂತ್ರ. ಪಾಪ್‌ಕಾರ್ನಿಗೆ ಯಂತ್ರವನ್ನು ಹೂಡಿ ಲೋಕಪ್ರಸಿದ್ಧಗೊಳಿಸಿದವನು ಚಾರ್ಲ್ಸ್ ಕ್ರೇಟರ್ಸ್ ಎಂಬ ಅಮೆರಿಕದ ವ್ಯಾಪಾರಿ. 1893ರಲ್ಲಿ ಷಿಕಾಗೋ ನಗರದ ಜಾಗತಿಕ ಪ್ರದರ್ಶನದಲ್ಲಿ ಅವನು ಹಬೆಯಿಂದ ನಡೆಯುವ ಬಂಡಿಯನ್ನು ತಂದಿಟ್ಟನು. ಅದೇ ಊರಿನಲ್ಲಿ, ಅದೇ ವರ್ಷ, ಅದೇ ಪ್ರದರ್ಶನದ ಅಂಗವಾಗಿ ನೆರೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದು. ಕ್ರೇಟರ್ಸನ ಯಂತ್ರ ಜಿಡ್ಡಿನಲ್ಲಿ ಹುರಿಯುವಂತಹುದು. ಜಿಡ್ಡಿಲ್ಲದೆ ಬರೀ ಗಾಳಿಯಿಂದ ಅರಳಿಸುವ ಮನೆಬಳಕೆಯ ಚಿಕ್ಕ ಯಂತ್ರ ಅಮೆರಿಕದ ಅಂಗಡಿಗಳಿಗೆ ಬಂದುದು 1978ರ ಸುಮಾರಿಗೆ.

ಅದರ ಒಳಗೆ ಇರುವುದಿಷ್ಟೆ: ಕೆಂಪಗೆ ಕಾಯುವ ಒಂದು ತಂತಿಯ ಸುರುಳಿ, ಅದರ ಮೇಲೆ ಗಾಳಿಯನ್ನು ದೂಡುವ ಒಂದು ಪುಟ್ಟ ಬೀಸಣಿಗೆ, ಕಾಳು ಹಾಕುವ ಲೋಹದ ಬಾವಿ, ಮೇಲೆ ಬಾಗಿದ ಒಂದು ಮೂತಿ. ಬಿಸಿಗಾಳಿ ಬಾವಿಯಲ್ಲಿ ಸುಳಿಯಾಗಿ ತಿರುಗುತ್ತದೆ. ಹಸಿ ಕಾಳು ಭಾರವಾದ್ದರಿಂದ ತಳದಲ್ಲಿಯೇ ಗರಗರ ತಿರುಗುತ್ತ ಕಾಯುತ್ತದೆ. ಅರಳಿದೊಡನೆ ಅದೇ ತೂಕ ನಲವತ್ತು ಪಟ್ಟು ಜಾಗಕ್ಕೆ ಹರಡಿಕೊಂಡು ಹಗುರವಾಗುತ್ತದೆ. ಗಾಳಿ ಅದನ್ನು ಎತ್ತಿ ಮೂತಿಯಿಂದ ಹೊರಕ್ಕೆ ಚೆಲ್ಲುತ್ತದೆ. ಕಣದಲ್ಲಿ ರಾಶಿ ತೂರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಗಟ್ಟಿಕಾಳು ಕೆಳಗೆ, ಹಗುರಾದ ಹೊಟ್ಟು ಆಚೆಗೆ. ಈ ಯಂತ್ರ ಹುರಿಯುವ ಕೆಲಸ, ತೂರುವ ಕೆಲಸ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ನಮಗೆ ಬೇಕಾದದ್ದು ಹಾರಿಹೋಗುವ ಭಾಗ.

ಅಂಗಡಿಯಲ್ಲಿ ಈ ಯಂತ್ರಗಳು ಸಾಮಾನ್ಯವಾಗಿ ಒಂದೂವರೆ ಸಾವಿರದಿಂದ ಮೂರು ಸಾವಿರ ರೂಪಾಯಿಯ ಸುತ್ತಮುತ್ತ ದೊರೆಯುತ್ತವೆ. ಕೆಂಪು ಬಣ್ಣ, ಪಾರದರ್ಶಕ ಟೊಪ್ಪಿಗೆ, ಜಾತ್ರೆಯ ಬಂಡಿಯಂತಹ ಚಿತ್ತಾರ ಇವುಗಳಿಗೆ ಕೊಡುವ ಹಣ ಅಳ್ಳಿನ ರುಚಿಗೆ ಸಲ್ಲದು. ನೋಡಬೇಕಾದದ್ದು ಬಾವಿಯ ಒಳಗೆ. ಮೂತಿಯನ್ನು ತೆಗೆದು ಇಣುಕಿರಿ. ಗಾಳಿ ಬರುವ ಸೀಳುಗಳು ಪಕ್ಕದ ಗೋಡೆಯಲ್ಲಿ ಓರೆಯಾಗಿ ಇದ್ದರೆ ಒಳ್ಳೆಯದು; ಕಾಳು ಸುತ್ತುತ್ತದೆ, ಒಂದೇ ಕಡೆ ಕೂತು ಸೀಯುವುದಿಲ್ಲ. ತಳದಲ್ಲಿ ಜಾಳಿಗೆಯಿದ್ದು ಅದರ ಕೆಳಗೆ ನೇರವಾಗಿ ಕಾಯುವ ತಂತಿ ಇದ್ದರೆ, ಸಿಪ್ಪೆಯ ಚೂರು, ಕಾಳಿನ ನುಚ್ಚು ಅದರ ಮೇಲೆ ಬಿದ್ದು ಕರಕಾಗಿ ಹೊಗೆಯೇಳುತ್ತದೆ. ಬೆಂಕಿಯ ಭಯವೂ ಉಂಟು. ನೂರಿನ್ನೂರು ರೂಪಾಯಿ ಹೆಚ್ಚಾದರೂ ಪಕ್ಕಸೀಳಿನದನ್ನೇ ಆರಿಸಿರಿ. ಹೆಚ್ಚು ಕಾದಾಗ ತಾನಾಗಿ ನಿಲ್ಲುವ ಏರ್ಪಾಡು ಇದೆಯೆಂದು ಪೆಟ್ಟಿಗೆಯ ಮೇಲೆ ಬರೆದಿರಬೇಕು. ವಯರು ಮೊಳದುದ್ದದ್ದಾದರೆ ಅಡಿಗೆಮನೆಯ ಕಟ್ಟೆಯಿಂದ ಪ್ಲಗ್ಗಿಗೆ ಮುಟ್ಟದು. ಪ್ಲಗ್ಗಿನ ಮೇಲೆ ಐ.ಎಸ್.ಐ. ಮುದ್ರೆಯನ್ನು ನೋಡಿಕೊಳ್ಳಿರಿ.

ಮುಖ್ಯವಾದ ಅಂಕಿಯೆಂದರೆ ವ್ಯಾಟು. ಇವು ಬಹುತೇಕ 1200 ವ್ಯಾಟಿನವು. 230 ವೋಲ್ಟಿನ ಮನೆಯಲ್ಲಿ 1200 ವ್ಯಾಟಿನ ಯಂತ್ರ ಐದು ಆಂಪಿಯರಿಗಿಂತ ತುಸು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಆರು ಆಂಪಿಯರಿನ ಸಣ್ಣ ಪ್ಲಗ್ಗು ಇದನ್ನು ಹೊರಬಲ್ಲದಾದರೂ ಅದೇ ಹಲಗೆಯಿಂದ ಮಿಕ್ಸರನ್ನೂ ಇಸ್ತ್ರಿಯನ್ನೂ ನಡೆಸಲು ಹೋದರೆ ಹಳೆಯ ಮನೆಯ ತಂತಿ ತಾನೇ ಅಳ್ಳಾಗುತ್ತದೆ. ಫ್ರಿಜ್ಜಿಗೆ ಹಾಕುವಂತಹ ದಪ್ಪ ಪ್ಲಗ್ಗಿದ್ದರೆ ಅಲ್ಲಿಯೇ ಹಾಕುವುದು ಕ್ಷೇಮ. ಸಾಧಾರಣ ಮನೆಗಳ ಇನ್ವರ್ಟರು ಇದನ್ನು ಹೊರಲಾರದು. ಕರೆಂಟು ಹೋದಾಗ ಪಾಪ್‌ಕಾರ್ನ್ ಮಾಡಿ ಹೊತ್ತು ಕಳೆಯುವ ಆಸೆ ಬೇಡ.

ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಸಂಗತಿಯುಂಟು. ಪೆಟ್ಟಿಗೆಯ ಮೇಲೆ 1200 ಎಂದು ಬರೆದಿದ್ದರೂ ಅದು 230 ವೋಲ್ಟು ಬಂದಾಗಿನ ಮಾತು. ಹೊಲಗಳಲ್ಲಿ ಪಂಪ್‌ಸೆಟ್ಟುಗಳು ನಡೆಯುವ ಹೊತ್ತಿನಲ್ಲಿ, ಬೇಸಿಗೆಯ ಸಂಜೆ ಮನೆಮನೆಯಲ್ಲಿ ಕೂಲರು ತಿರುಗುವ ಹೊತ್ತಿನಲ್ಲಿ, ತಂತಿಯ ಕೊನೆಯಲ್ಲಿರುವ ಊರಿಗೆ ಅಷ್ಟು ಬರುವುದೆಲ್ಲಿ? ವೋಲ್ಟು 190ಕ್ಕೆ ಇಳಿದರೆ ಕಾವು 190ರ ಪ್ರಮಾಣಕ್ಕೆ ಮಾತ್ರ ಇಳಿಯುವುದಿಲ್ಲ. ವೋಲ್ಟಿನ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. ಲೆಕ್ಕ ಹಾಕಿದರೆ 1200ರ ಯಂತ್ರ 820 ವ್ಯಾಟಿನದಾಗಿಬಿಡುತ್ತದೆ. ಬೀಸಣಿಗೆಯೂ ಮೆತ್ತಗಾಗುತ್ತದೆ. ಕಾಳು ಮೆಲ್ಲಗೆ ಕಾಯುತ್ತ ಕಾಯುತ್ತ ಒಳಗಿನ ನೀರನ್ನೆಲ್ಲ ಸಿಪ್ಪೆಯ ಸಂದಿಯಿಂದ ಕಳೆದುಕೊಂಡು, ಅರಳುವ ಬದಲು ಬರೀ ಹುರಿದು ಕೂರುತ್ತದೆ. ಬೆಂಗಳೂರಿನಲ್ಲಿ ಕೂತು ಇದೇ ಯಂತ್ರವನ್ನು ಹೊಗಳಿದವನೂ ಸುಳ್ಳುಗಾರನಲ್ಲ, ಹುಣಸಗಿಯ ಕಡೆಯ ಹಳ್ಳಿಯಲ್ಲಿ ಕೂತು ಬಯ್ದವನೂ ಸುಳ್ಳುಗಾರನಲ್ಲ. ಆದಕಾರಣ 800, 900 ವ್ಯಾಟಿನ ಅಗ್ಗದ ಮಾದರಿಯನ್ನು ನಮ್ಮಲ್ಲಿ ಕೊಳ್ಳುವುದು ವಿಹಿತವಲ್ಲ. ಆರಂಭದಲ್ಲಿಯೇ ಬಡವಾದದ್ದು ವೋಲ್ಟು ಕುಗ್ಗಿದಾಗ ಏನಾದೀತು? ಯಂತ್ರವನ್ನು ಮಧ್ಯಾಹ್ನ ಬಳಸಿರಿ, ಸಂಜೆಯಲ್ಲ.

ಇದರ ತಿರುವು ಮುರುವು ಸಂಗತಿ ಇನ್ನೂ ಅಪಾಯದ್ದು. ಮಗನೋ ಅಳಿಯನೋ ಅಮೆರಿಕದಿಂದ ಬರುವಾಗ ಪ್ರೀತಿಯಿಂದ ಅಲ್ಲಿಯ ಯಂತ್ರವನ್ನೇ ಹೊತ್ತು ತರುವುದುಂಟು. ಅದು 120 ವೋಲ್ಟಿನದು. ಪ್ಲಗ್ಗಿನ ಮೂತಿ ಬದಲಿಸುವ ಅಗ್ಗದ ತುಣುಕನ್ನು ಸಿಕ್ಕಿಸಿ ನಮ್ಮ ಗೋಡೆಗೆ ಚುಚ್ಚಿದರೆ ಕಾವು ಸುಮಾರು ಮೂರೂವರೆ ಪಟ್ಟು ಮೀರುತ್ತದೆ. ಅರಳುವುದು ಕಾಳಲ್ಲ, ಯಂತ್ರ. ಅಳಿಯನ ಪ್ರೀತಿಯನ್ನು ಅಟ್ಟದ ಮೇಲೆ ಭದ್ರವಾಗಿ ಇಡಿರಿ.

ಖರ್ಚಿನ ಮಾತು ಬೇಗನೆ ಮುಗಿಯುತ್ತದೆ. ಒಂದು ಸಲಕ್ಕೆ ಅರವತ್ತು ಎಪ್ಪತ್ತು ಗ್ರಾಮು ಕಾಳು, ಮೂರು ನಿಮಿಷ. 1200 ವ್ಯಾಟು ಮೂರು ನಿಮಿಷ ನಡೆದರೆ ಒಂದು ಯೂನಿಟ್ಟಿನ ನೂರರಲ್ಲಿ ಆರು ಭಾಗ. ಅರ್ಧ ರೂಪಾಯಿಯ ಒಳಗೆ. ಕರೆಂಟಿನ ಬಿಲ್ಲಿಗೆ ಹೆದರಬೇಕಾಗಿಲ್ಲ. ಯಂತ್ರದ ಬೆಲೆ ಎರಡು ಸಾವಿರ, ಅದು ನಾಲ್ಕು ವರ್ಷ ಬಾಳುವುದೆಂದು ಹಿಡಿದರೆ ವಾರಕ್ಕೆ ಹತ್ತು ರೂಪಾಯಿಯಷ್ಟಾಯಿತು. ವಾರಕ್ಕೆ ಎರಡು ಸಲವಾದರೂ ಮನೆಯಲ್ಲಿ ಪಾಪ್‌ಕಾರ್ನ್ ತಿನ್ನುವವರಿದ್ದರೆ ಕೊಳ್ಳಬಹುದು. ಹಬ್ಬಕ್ಕೊಮ್ಮೆ, ಬೀಗರು ಬಂದಾಗೊಮ್ಮೆ ಎನ್ನುವವರು ಒಂದು ದಪ್ಪ ತಳದ ಕಡಾಯಿಗೆ ಒಂದು ಚಮಚ ಎಣ್ಣೆ ಬಿಟ್ಟು ಮುಚ್ಚಳವನ್ನು ತುಸು ಓರೆಯಾಗಿಟ್ಟು ಅರಳಿಸಿಕೊಂಡರೆ ಸಾಕು. ಎರಡು ಸಾವಿರ ಉಳಿಯಿತು. ಒಂದು ಚಮಚ ಎಣ್ಣೆ ನಾಲ್ವರಲ್ಲಿ ಹಂಚಿಹೋದರೆ ಯಾರ ಹೃದಯವೂ ನಿಲ್ಲುವುದಿಲ್ಲ. ಅಂದ ಹಾಗೆ, 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಕೂಡಿದ ಜಿ.ಎಸ್.ಟಿ. ಮಂಡಳಿ ಉಪ್ಪು ಹಚ್ಚಿದ ಬಿಡಿ ಪಾಪ್‌ಕಾರ್ನಿಗೆ ನೂರಕ್ಕೆ 5, ಅದನ್ನೇ ಪೊಟ್ಟಣ ಕಟ್ಟಿದರೆ 12, ಸಕ್ಕರೆಪಾಕ ಹಚ್ಚಿದರೆ 18 ಎಂದು ಸ್ಪಷ್ಟೀಕರಣ ಕೊಟ್ಟಾಗ ದೇಶವೆಲ್ಲ ನಕ್ಕಿತ್ತು. ಮನೆಯಲ್ಲಿ ಮಾಡಿದ್ದಕ್ಕೆ ಬೆಲ್ಲ ಹಚ್ಚಿದರೂ ಸುಂಕವಿಲ್ಲ.

ಈಗ ನಾನು ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಆ ಮೂವರಲ್ಲಿ ಒಬ್ಬರು ನನ್ನ ಸಹೋದ್ಯೋಗಿ. ಅವರ ತಾಯಿ ಸುರಪುರ ತಾಲೂಕಿನ ಹಳ್ಳಿಯನ್ನು ಬಿಟ್ಟು ಶಹಾಪುರದಲ್ಲಿ ಮಗನ ಬಾಡಿಗೆ ಮನೆಗೆ ಬಂದು ಮೂರು ವರ್ಷವಾಯಿತು. ಮೇಲಂತಸ್ತಿನ ಮನೆ. ಕಟ್ಟಿಗೆ ಒಲೆ ಹೂಡಲು ಮಾಲಿಕರು ಒಪ್ಪುವುದಿಲ್ಲ. ಮೂರು ಪಂಚಮಿಗಳಲ್ಲಿ ನಾಗಪ್ಪನ ಮುಂದಿಟ್ಟ ಅಳ್ಳು ಸಂತೆಯದು. ಆ ಮುದುಕಿ ಇದನ್ನು ಯಾರೊಡನೆಯೂ ದೂರಿಕೊಂಡವರಲ್ಲ. ಆದರೆ ಹಿಂದಿನ ವರ್ಷ ಹಬ್ಬದ ದಿನ ತಾವು ಮಾತ್ರ ಆ ಅಳ್ಳನ್ನು ಬಾಯಿಗೆ ಹಾಕಿಕೊಳ್ಳಲಿಲ್ಲವೆಂಬುದನ್ನು ಸೊಸೆ ಗಮನಿಸಿದರು. ಯಂತ್ರ ಕೊಳ್ಳುವ ವಿಚಾರ ಹುಟ್ಟಿದ್ದು ಅಲ್ಲಿಂದ. ಮಗನ ಎಣಿಕೆ ಸರಳವಾದದ್ದು: ಮೆಕ್ಕೆಜೋಳ ಅರಳಿಸುವ ಯಂತ್ರ ಬಿಳಿಜೋಳವನ್ನು ಬಿಟ್ಟೀತೆ?

ನೆರೆಯವರೊಬ್ಬರ ಯಂತ್ರವನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದು ನೋಡೋಣವೆಂದು ನಾನೇ ಸೂಚಿಸಿದೆ. ಮೊದಲು ಪೊಟ್ಟಣದ ಮೆಕ್ಕೆಜೋಳ ಹಾಕಿದೆವು. ಎರಡು ನಿಮಿಷಕ್ಕೆ ಬೋಗುಣಿ ತುಂಬಿತು. ಸಪ್ಪಳ ಮಾತ್ರ ಹಿಟ್ಟಿನ ಗಿರಣಿಯಷ್ಟು. ತಾಯಿ ಒಂದನ್ನು ಬೆರಳಿನಲ್ಲಿ ಹಿಡಿದು ನೋಡಿ, "ಭಾಳ ದೊಡ್ಡದಾತು, ನಾಗಪ್ಪನ ಬಾಯಾಗ ಹಿಡಿಯಂಗಿಲ್ಲ" ಎಂದರು. ಆಮೇಲೆ ತಾವೇ ಸೆರಗಿನ ಗಂಟಿನಿಂದ ಒಂದು ಹಿಡಿ ಅಳ್ಳಿನ ಜೋಳವನ್ನು ಬಿಚ್ಚಿ ಬಾವಿಗೆ ಸುರಿದರು. ಗುಂಡಿ ಒತ್ತಿದ ಮರುಕ್ಷಣವೇ ಕಾಳುಗಳು ಒಂದೂ ಅರಳದೆ ಮೂತಿಯಿಂದ ಚಿಮ್ಮಿ ನೆಲದ ಮೇಲೆಲ್ಲ ಹರಡಿದವು. "ಇದು ಹುರಿಯಾಕತ್ತಿಲ್ಲ ತಮ್ಮಾ, ತೂರಾಕತ್ತೈತಿ" ಎಂದು ಅವರು ನಕ್ಕರು. ಮೇಲೆ ನಾನು ಬರೆದ ಉಪಮೆ ನನ್ನದಲ್ಲ, ಅವರದು.

ಕಾರಣ ಸ್ಪಷ್ಟ. ಪಾಪ್‌ಕಾರ್ನ್ ಕಾಳು ಒಂದರ ತೂಕ ನೂರಿಪ್ಪತ್ತು ಮಿಲಿಗ್ರಾಮಿನ ಮೇಲೆ. ಅಳ್ಳಿನ ಜೋಳದ ಕಾಳು ಅದರ ನಾಲ್ಕನೆಯ ಭಾಗವೂ ಇರಲಾರದು. ಯಂತ್ರದ ಗಾಳಿಯನ್ನು ಮೆಕ್ಕೆಜೋಳದ ತೂಕಕ್ಕೆ ಹೊಂದಿಸಿದ್ದಾರೆ. ಹಸಿ ಜೋಳ ಅದರ ಕಣ್ಣಿಗೆ ಹಗುರ. ಹಗುರವಾದದ್ದನ್ನು ಹೊರಕ್ಕೆಸೆಯುವುದೇ ಅದರ ಧರ್ಮ. ಯಂತ್ರವನ್ನು ಹಿಂದಕ್ಕೆ ವಾಲಿಸಿ ಹಿಡಿಯುವವರಿದ್ದಾರೆ. ಕಾಯುತ್ತಿರುವ ಯಂತ್ರವನ್ನು ಕೈಯಲ್ಲಿ ಹಿಡಿದು ಕೂರುವುದು ಜಾಣತನವಲ್ಲ. ಮೂತಿಗೆ ಅರಿವೆ ಕಟ್ಟುವ ಉಪಾಯ ಹೇಳುವವರೂ ಸಿಗುತ್ತಾರೆ. ಅದನ್ನು ಎಂದಿಗೂ ಮಾಡಬೇಡಿರಿ. ಗಾಳಿ ತಡೆದರೆ ಒಳಗಿನ ತಂತಿ ಮಿತಿಮೀರಿ ಕಾಯುತ್ತದೆ, ಅರಿವೆ ಹೊತ್ತಿಕೊಳ್ಳುತ್ತದೆ.

ಹೀಗಾಗಿ ಪಂಚಮಿಯ ಅಳ್ಳಿಗಾಗಿಯೇ ಈ ಯಂತ್ರವನ್ನು ಕೊಳ್ಳಹೊರಟವರಿಗೆ ನನ್ನ ಉತ್ತರ ಕೊಳ್ಳಬೇಡಿರಿ ಎಂಬುದೇ. ಎಷ್ಟೇ ಸೋವಿಯಾದರೂ ಬೇಡ. ಅದಕ್ಕೆ ಕಟ್ಟಿಗೆಯ ಒಲೆಯೂ ಬೇಕಾಗಿಲ್ಲ. ಗ್ಯಾಸಿನ ಒಲೆಯ ಮೇಲೆ ಅದೇ ತಾಯಿ ಮಾಡಿ ತೋರಿಸಿದ ಕ್ರಮವನ್ನು ಹೇಳುತ್ತೇನೆ. ಹಿಂದಿನ ರಾತ್ರಿ ಜೋಳಕ್ಕೆ ನೀರು ಚಿಮುಕಿಸಿ, ಕೈಯಿಂದ ತಿಕ್ಕಿ, ಒದ್ದೆ ಅರಿವೆ ಮುಚ್ಚಿ ಇಡಬೇಕು. ಕಾಳು ನೆನೆಯಬಾರದು, ತೇವ ಹಿಡಿಯಬೇಕು. ಬೆಳಿಗ್ಗೆ ಅರಿವೆಯ ಮೇಲೆ ಹರವಿ ಮೇಲ್ಮೈ ಆರಿಸಿಕೊಂಡು, ಕಬ್ಬಿಣದ ಕಡಾಯಿಯನ್ನು ಚೆನ್ನಾಗಿ ಕಾಯಿಸಿ, ಒಂದು ಸಲಕ್ಕೆ ಒಂದು ಹಿಡಿಗಿಂತ ಹೆಚ್ಚು ಹಾಕದೆ, ತುದಿಗೆ ಅರಿವೆ ಸುತ್ತಿದ ಕೋಲಿನಿಂದ ಕಾಳನ್ನು ಒತ್ತಿ ಒತ್ತಿ ತಿರುವಬೇಕು. ಆ ಅರಿವೆಯ ಗಂಟು ಕಾಳನ್ನು ಕಾದ ಕಬ್ಬಿಣಕ್ಕೆ ಅದುಮಿ ಹಿಡಿಯುತ್ತದೆ, ಹೊರಗೆ ಸಿಡಿಯದಂತೆಯೂ ತಡೆಯುತ್ತದೆ. ಪಟಪಟನೆ ಶುರುವಾದದ್ದು ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ನಿಂತೊಡನೆ ಬೋಗುಣಿಗೆ ಸುರಿಯಬೇಕು, ತಡೆದರೆ ಸೀಯುತ್ತದೆ. ಹಿಂದಿನ ರಾತ್ರಿಯ ನೀರು, ಪಾಪ್‌ಕಾರ್ನ್ ಡಬ್ಬಿಗೆ ಹಾಕಿದ ಒಂದು ಚಮಚ ನೀರು, ಇವೆರಡರ ವಿಜ್ಞಾನವೂ ಒಂದೇ. ಫ್ರೆಂಚ್ ಸಂಶೋಧಕರ ಕ್ಯಾಮರಾ ಬರುವುದಕ್ಕೆ ಎಷ್ಟೋ ಮೊದಲು ಈ ತಾಯಂದಿರು ಅದನ್ನು ಅರಿತಿದ್ದರು.

ಇಲ್ಲಿ ಇನ್ನೊಂದು ತೊಡಕಿದೆ, ಇದು ಯಂತ್ರದ ತೊಡಕಿಗಿಂತ ದೊಡ್ಡದು. ಎಲ್ಲ ಜೋಳವೂ ಅಳ್ಳಾಗುವುದಿಲ್ಲ. ರೊಟ್ಟಿಗೆ ಹೆಸರಾದ ಮಾಲದಂಡಿ ಅಳ್ಳಿಗೆ ಅಷ್ಟಾಗಿ ಒಗ್ಗದು. ಅಳ್ಳಿಗೆ ಬೇಕಾದದ್ದು ಕಾಳು ಚಿಕ್ಕದಾಗಿ, ಒಳಗೆ ಬಿರುಸಾಗಿ ಇರುವ ಅಳ್ಳಿನ ಜೋಳ. ಅದನ್ನು ಮಾರುವುದಕ್ಕಾಗಿ ಬೆಳೆದವರು ವಿರಳ. ಮನೆಯ ಹಬ್ಬಕ್ಕೆ, ಮಗಳ ಮನೆಗೆ ಕಳಿಸುವುದಕ್ಕೆ ಎಂದು ಹೊಲದ ಒಂದು ಅಂಚಿನಲ್ಲಿ ನಾಲ್ಕು ಸಾಲು ಹಾಕಿಕೊಳ್ಳುತ್ತಿದ್ದರು. ನಾರಾಯಣಪುರದ ಎಡದಂಡೆ ಕಾಲುವೆ ಹರಿದು ಬಂದ ಮೇಲೆ ಶಹಾಪುರ, ಸುರಪುರಗಳ ಎಷ್ಟೋ ಎರೆಹೊಲಗಳು ನೆಲ್ಲಿನ ಗದ್ದೆಗಳಾದವು, ಹತ್ತಿಯ ಹೊಲಗಳಾದವು. ನೀರು ಬಂದದ್ದು ಭಾಗ್ಯವೇ. ಅದನ್ನು ಬೇಡವೆನ್ನುವ ಮೂರ್ಖತನ ನನಗಿಲ್ಲ, ನೀರಿಲ್ಲದ ಕಾಲದ ಗುಳೆ ಏನೆಂದು ಈ ಸೀಮೆಯವರು ಬಲ್ಲರು. ಆದರೆ ರೊಟ್ಟಿಯ ಜೋಳವನ್ನಾದರೆ ಅಂಗಡಿಯಿಂದ ತರಬಹುದು, ಅಂಚಿನ ನಾಲ್ಕು ಸಾಲನ್ನು ಯಾವ ಅಂಗಡಿಯಿಂದ ತರುವುದು? ಬಿತ್ತುವವರು ನಿಲ್ಲಿಸಿದ ವರ್ಷದಿಂದ ಮೂರು ನಾಲ್ಕು ವರ್ಷಗಳಲ್ಲಿ ಮಡಿಕೆಯಲ್ಲಿ ಉಳಿದ ಬೀಜದ ಕಸುವು ಕುಂದುತ್ತದೆ. ಮನೆಗಳಲ್ಲಿ ಅಳ್ಳು ಹುರಿಯುವುದು ನಿಂತರೆ ಬಿತ್ತುವುದಕ್ಕೆ ಕಾರಣವೂ ಇರುವುದಿಲ್ಲ.

ಮೆಕ್ಕೆಜೋಳಕ್ಕಾಗಿಯೇ ಯಂತ್ರ ಕೊಂಡವರಿಗೆ ಬಳಕೆಯ ನಾಲ್ಕು ಮಾತು. ಬಾವಿಯೊಳಗೆ ಎಣ್ಣೆ, ತುಪ್ಪ, ಉಪ್ಪು, ಸಕ್ಕರೆ ಯಾವುದನ್ನೂ ಹಾಕಬಾರದು. ಅಂಟಿ ಸುಟ್ಟು ಗಾಳಿಯ ಸೀಳುಗಳನ್ನು ಮುಚ್ಚುತ್ತವೆ. ಬರೀ ಗಾಳಿಯಲ್ಲಿ ಅರಳಿದ್ದಕ್ಕೆ ಉಪ್ಪು ಹಿಡಿಯುವುದಿಲ್ಲವೆಂಬುದು ಎಲ್ಲರ ದೂರು. ಬಿಸಿಯಿರುವಾಗಲೇ ನಾಲ್ಕು ಹನಿ ತುಪ್ಪ ಚಿಮುಕಿಸಿ, ಮಿಕ್ಸರಿನಲ್ಲಿ ಹಿಟ್ಟಿನಂತೆ ನುಣ್ಣಗೆ ಮಾಡಿದ ಉಪ್ಪು ಹಾಕಿ ಕುಲುಕಿದರೆ ಹಿಡಿಯುತ್ತದೆ. ಶೇಂಗಾ ಹಿಂಡಿ ಇನ್ನೂ ಚೆನ್ನ; ಅದರಲ್ಲಿಯೇ ಎಣ್ಣೆಯಂಶ ಇರುವುದರಿಂದ ತಾನಾಗಿ ಅಂಟಿಕೊಳ್ಳುತ್ತದೆ. ಒಂದು ಸಲ ಮಾಡಿದ ಮೇಲೆ ಹತ್ತು ನಿಮಿಷ ಬಿಟ್ಟು ಎರಡನೆಯದಕ್ಕೆ ಕೈಹಾಕಿರಿ, ಬೀಸಣಿಗೆಯ ಮೋಟಾರು ಬಲು ಚಿಕ್ಕದು. ಸಕ್ಕರೆ ಕಾಯಿಲೆಯವರಿಗೆ ಒಂದು ಎಚ್ಚರ: ಎಣ್ಣೆಯಿಲ್ಲವೆಂದ ಮಾತ್ರಕ್ಕೆ ಪಿಷ್ಟವಿಲ್ಲವೆಂದಾಗುವುದಿಲ್ಲ. ನಾರು ಹೆಚ್ಚಿರುವ ಇಡೀ ಕಾಳೆಂಬುದು ನಿಜ, ಆದರೆ ಬೋಗುಣಿಗಟ್ಟಲೆ ತಿನ್ನುವ ಪದಾರ್ಥವಲ್ಲ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ಮಕ್ಕಳ ವಿಷಯದ್ದು. ನಾಲ್ಕು ವರ್ಷ ತುಂಬದ ಕೂಸುಗಳಿಗೆ ಪಾಪ್‌ಕಾರ್ನ್ ಕೊಡಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅರಳಿದ್ದರ ಚೂರೂ ಅರಳದ ಕಾಳೂ ಉಸಿರಿನ ಕೊಳವೆಗೆ ಸಿಕ್ಕಿಕೊಳ್ಳುವುದುಂಟು. ಸಿಕ್ಕಿಕೊಂಡ ಮೇಲೆ ದೊಡ್ಡ ಆಸ್ಪತ್ರೆ ಇರುವುದು ಯಾದಗಿರಿಯಲ್ಲಿ ಇಲ್ಲವೆ ಕಲಬುರಗಿಯಲ್ಲಿ. ಆ ಹಾದಿಯ ಉದ್ದ ನಮಗೆ ಗೊತ್ತು. ಸಣ್ಣ ಕೂಸುಗಳಿಗೆ ಅಳ್ಳನ್ನು ಬೀಸಿ ಅಳ್ಳಿಟ್ಟು ಮಾಡಿ, ಹಾಲಿನಲ್ಲಿ ಕಲಸಿ ತಿನ್ನಿಸುವುದು ನಮ್ಮಲ್ಲಿ ಮೊದಲಿನಿಂದಲೂ ಇದ್ದ ರೂಢಿ.

ಅಳ್ಳಿನ ಜೋಳ ಬೇಕಾದವರು ಹಬ್ಬದ ಹಿಂದಿನ ಸಂತೆಯ ತನಕ ಕಾಯಬಾರದು. ಊರ ಕಡೆಯ ನೆಂಟರಲ್ಲಿ ಯಾರ ಹೊಲದಲ್ಲಿ ಇನ್ನೂ ಆ ಸಾಲುಗಳಿವೆಯೆಂದು ಈಗಲೇ ಕೇಳಿ ಇಡಿರಿ. ಸಿಕ್ಕರೆ ಎರಡು ಸೇರು ಹೆಚ್ಚಿಗೆ ತನ್ನಿರಿ. ಒಂದನ್ನು ಬೇವಿನ ಸೊಪ್ಪಿನ ಜೊತೆ ಡಬ್ಬಿಗೆ ತುಂಬಿ, ಬಿತ್ತುವ ಮನಸ್ಸಿರುವ ಯಾರಿಗಾದರೂ ಮುಂದಿನ ಹಂಗಾಮಿಗೆ ಕೊಡಬಹುದು.